ಹಗಲು ಹೊತ್ತು ಮನೆಯಲ್ಲಿರುವ ಗಂಡಸು

ಪ್ರಶ್ನೆ: ಮೇಡಂ, ನನಗೆ 38 ವರ್ಷ, ವಾಸ ಟಿ. ದಾಸರಹಳ್ಳಿ. ಪೀಣ್ಯ ಎರಡನೇ ಹಂತದಲ್ಲಿ ಆಟೊ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ಡಿಪ್ಲೊಮಾ ಮುಗಿಸಿ 22ಕ್ಕೇ ಕೆಲಸಕ್ಕೆ ಸೇರಿದವನು. ಇದು ಮೂರನೇ ಕಂಪನಿ, ಸೇರಿ ನಾಲ್ಕು ವರ್ಷ ಮೂರು ತಿಂಗಳಾಯಿತು. 48ಕ್ಕೆ ಕೆಲಸ ಬಿಟ್ಟು ನೆಮ್ಮದಿಯಾಗಿರಬೇಕು ಅಂತ ವಿಡಿಯೊಗಳನ್ನು ನೋಡಿ ಲೆಕ್ಕ ಹಾಕಿ ಉಳಿಸುತ್ತಿದ್ದೇನೆ. ಪಿಎಫ್, ಮ್ಯೂಚುವಲ್ ಫಂಡ್ ಸೇರಿ 42 ಲಕ್ಷ ಇದೆ. ತಿಂಗಳಿಗೆ 40 ಸಾವಿರ ಖರ್ಚು, 40 ಸಾವಿರ ಉಳಿತಾಯ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಅವಳ ಸಂಬಳ ಮಗಳ ಫೀಸಿಗೆ ಹೋಗುತ್ತೆ, ಇದರಲ್ಲಿ ಸೇರಿಸಿಲ್ಲ. ಈಚೆಗೆ 48ರವರೆಗೂ ಎಳೆಯುವ ಶಕ್ತಿ ನನಗಿಲ್ಲ ಅನ್ನಿಸುತ್ತಿದೆ. ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಹತ್ತು ನಿಮಿಷ ಸುಮ್ಮನೆ ಕೂತಿರುತ್ತೇನೆ. ಬಿಪಿ ಮಾತ್ರೆ ಶುರುವಾಗಿದೆ. ಆರು ತಿಂಗಳು ಬಿಡುವು ತೆಗೆದುಕೊಂಡು, ಮತ್ತೆ ದುಡಿದು, ಆರೇಳು ವರ್ಷ ಬಿಟ್ಟು ಇನ್ನೊಮ್ಮೆ ಬಿಡುವು ತೆಗೆದುಕೊಂಡರೆ ಹೇಗೆ? ಹೆಂಡತಿ ತಗೊಳ್ಳಿ ಅಂತಾಳೆ. ನನಗೆ ಎರಡು ಭಯ. ಒಂದು, ಲೆಕ್ಕವೆಲ್ಲ ಹಾಳಾಗುತ್ತೆ. ಎರಡು, ಅಪ್ಪ. ಅವರು ಎಚ್‌ಎಂಟಿಯಲ್ಲಿದ್ದು ವಿಆರ್‌ಎಸ್ ತೆಗೆದುಕೊಂಡವರು. ಆಗ ನಾನು ಹೈಸ್ಕೂಲು. ಬಂದ ದುಡ್ಡು ಕರಗಿಹೋಯಿತು. ಅಪ್ಪ ಹಗಲು ಹೊತ್ತು ಜಗಲಿ ಮೇಲೆ ಕೂತಿರೋದನ್ನ ಗೆಳೆಯರು ನೋಡಿದರೆ ನನಗೆ ನಾಚಿಕೆಯಾಗುತ್ತಿತ್ತು. ಈಗ ಅದೇ ಜಗಲಿ ಮೇಲೆ ನಾನು ಕೂರಬೇಕಾ?

ಉತ್ತರ: ಲೆಕ್ಕದ ಪ್ರಶ್ನೆಗೆ ಖಂಡಿತ ಬರುತ್ತೇನೆ, ಅದಕ್ಕೆ ಮೊದಲು ಗೇಟಿನ ಹತ್ತಿರದ ಆ ಹತ್ತು ನಿಮಿಷದ ಬಗ್ಗೆ ಮಾತಾಡೋಣ. ಅದನ್ನು ನೀವು ಸೋಮಾರಿತನದ ಗುರುತು ಎಂಬಂತೆ ಸಂಕೋಚದಿಂದ ಬರೆದಿದ್ದೀರಿ. ನಿಮ್ಮ ಹುದ್ದೆಯಲ್ಲಿರುವವರು ನನ್ನ ಹತ್ತಿರ ಬರುತ್ತಾರೆ, ಹಾಗಾಗಿ ಅವರ ದಿನ ಹೇಗಿರುತ್ತದೆಂದು ಅಷ್ಟಿಷ್ಟು ಗೊತ್ತು. ಮಾಲು ಹೋಗಲಿಲ್ಲ ಎಂದರೆ ಪ್ರೊಡಕ್ಷನ್‌ನವರು ಬೈಯುತ್ತಾರೆ, ಹೋದ ಮಾಲು ವಾಪಸ್ ಬಂದರೆ ಕಸ್ಟಮರ್ ಬೈಯುತ್ತಾನೆ. ಮೂರನೇ ಶಿಫ್ಟಿನಲ್ಲಿ ಬೋರ್ ಅಳತೆ ತಪ್ಪಿದರೂ ರಾತ್ರಿ ಎರಡಕ್ಕೆ ಫೋನ್ ಬರುವುದು ನಿಮಗೇ. ಎಲ್ಲ ಸರಿಯಿದ್ದ ದಿನ ಯಾರೂ ನಿಮ್ಮ ಹೆಸರೆತ್ತುವುದಿಲ್ಲ. 16 ವರ್ಷ ಹೀಗೆ ದುಡಿದವರ ಮೈ ಗೇಟಿನ ಹತ್ತಿರ ಸ್ವಲ್ಪ ಹೊತ್ತು ಒಳಗೆ ಹೋಗಲು ಒಪ್ಪದಿದ್ದರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ನೀವು ದಣಿದಿದ್ದೀರಿ.

ಬೇಗ ನಿವೃತ್ತಿಯಾಗಬೇಕು ಎನ್ನುವವರಲ್ಲಿ ಬಹಳ ಮಂದಿ ನಿಜವಾಗಿ ಕೇಳುತ್ತಿರುವುದು ವಿಶ್ರಾಂತಿಯನ್ನು. ಈಗ ಕೇಳಿದರೆ ಯಾರೂ ಕೊಡುವುದಿಲ್ಲ ಅನ್ನಿಸಿ ಅದನ್ನು ಹತ್ತು ವರ್ಷ ಆಚೆಗಿನ ಒಂದು ತಾರೀಖಿಗೆ ಮುಂದೂಡಿರುತ್ತಾರೆ. ಮಗಳ ಜೊತೆ ಕೂರುವುದು, ಊರಿಗೆ ಹೋಗುವುದು, ಚೆನ್ನಾಗಿ ನಿದ್ದೆ ಮಾಡುವುದು, ಎಲ್ಲವೂ ಆ ತಾರೀಖಿನ ಆಚೆಗೆ. ನಿಮ್ಮ ಮಗಳ ವಯಸ್ಸು ನೀವು ಬರೆದಿಲ್ಲ. ಈಗ ಪ್ರೈಮರಿಯಲ್ಲಿದ್ದಾಳೆ ಎಂದುಕೊಂಡರೂ ನಿಮಗೆ 48 ಆಗುವ ಹೊತ್ತಿಗೆ ಅವಳು ಕಾಲೇಜಿನಲ್ಲಿರುತ್ತಾಳೆ. ಆಗ ನಿಮಗೆ ಬಿಡುವಿದ್ದರೂ ಅವಳಿಗಿರುವುದಿಲ್ಲ.

ನ್ಯೂಯಾರ್ಕಿನಲ್ಲಿ ಸ್ಟೀಫನ್ ಸಾಗ್ಮೈಸ್ಟರ್ ಎಂಬ ವಿನ್ಯಾಸಕಾರರಿದ್ದಾರೆ. ಏಳು ವರ್ಷಕ್ಕೊಮ್ಮೆ ತಮ್ಮ ಸ್ಟುಡಿಯೊಗೆ ಒಂದು ವರ್ಷ ಬೀಗ ಹಾಕುವುದು ಅವರ ಪದ್ಧತಿ. ನಿವೃತ್ತಿಯ ವರ್ಷಗಳಲ್ಲಿ ಐದನ್ನು ಮುಂಚೆಯೇ ತಂದು ದುಡಿಯುವ ವರ್ಷಗಳ ನಡುವೆ ಹಂಚಿಕೊಳ್ಳುತ್ತೇನೆ ಎನ್ನುವುದು ಅವರ ಲೆಕ್ಕ. ಅವರದು ಸ್ವಂತ ಸ್ಟುಡಿಯೊ, ಬೀಗದ ಕೈ ಅವರ ಜೇಬಿನಲ್ಲೇ ಇತ್ತು, ನಿಜ. ಆದರೆ ನೀವು ಕೇಳಿದ್ದೂ ಅದನ್ನೇ, ಅದೂ ಆರೇ ತಿಂಗಳು. ಇದು ಹುಚ್ಚು ಯೋಚನೆಯಲ್ಲ.

ಈಗ ಅಪ್ಪನ ವಿಷಯ. ಬಂದ ದುಡ್ಡು ಕರಗಿಹೋಯಿತು ಎಂದಿದ್ದೀರಿ. ನಿಮ್ಮ ಪತ್ರ ಉದ್ದವಿತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇವೆ. ಅದರ ಎರಡನೇ ಪುಟದಲ್ಲಿ ನೀವೇ ಬರೆದ ಇನ್ನೊಂದು ಸಾಲಿದೆ: ಬಾಡಿಗೆ ಕೊಡುವ ತಾಪತ್ರಯ ಇಲ್ಲ, ಅಪ್ಪ ವಿಆರ್‌ಎಸ್ ಆದ ಮೇಲೆ ಕಟ್ಟಿಸಿದ ಮನೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿ. ಆ ದುಡ್ಡು ಕರಗಿ ಹೋದದ್ದು ಈಗ ನೀವು ಮಲಗುವ ಗೋಡೆಗಳ ಒಳಕ್ಕೆ. ಈ ಭಾಗದಲ್ಲಿ ಬಾಡಿಗೆ ಕಟ್ಟುವವರನ್ನು ಕೇಳಿದರೆ ತಿಂಗಳಿಗೆ 40 ಸಾವಿರ ಉಳಿಸುವ ನಿಮ್ಮ ಶಕ್ತಿ ಎಲ್ಲಿಂದ ಬಂತೆಂದು ಹೇಳುತ್ತಾರೆ.

ನಿಮ್ಮಂಥ ಮಕ್ಕಳು ಜಾಲಹಳ್ಳಿ, ದಾಸರಹಳ್ಳಿ, ಪೀಣ್ಯದ ಸುತ್ತ ಬಹಳ ಮಂದಿ ಇದ್ದಾರೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದದ್ದು 1953ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಮಾಡಲು ತೊಡಗಿತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ಒಂದು ದಡಕ್ಕೆ ಬಂತು ಎನ್ನುವ ಕಾಲ ಅದು. ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ ಮಾಡಿದ್ದು 2016ರ ಜನವರಿಯಲ್ಲಿ. ಅದಕ್ಕೆ ಬಹಳ ಮುಂಚೆಯೇ ಕಂತು ಕಂತಾಗಿ ಜನ ವಿಆರ್‌ಎಸ್ ತೆಗೆದುಕೊಂಡು ಹೊರಬಂದಿದ್ದರು. ಕಾಗದದ ಮೇಲೆ ಅದು ಸ್ವಯಂ ನಿವೃತ್ತಿ. ಮನೆಗಳಲ್ಲಿ ಅದು ಹಾಗಿರಲಿಲ್ಲ. ಒಂದೇ ಕೈಕೆಲಸದಲ್ಲಿ ಪಳಗಿದ ನಲವತ್ತು ದಾಟಿದ ಗಂಡಸು ಹೊರಗೆ ಬಂದಾಗ ಆ ಕೈಕೆಲಸವೇ ಊರಿನಲ್ಲಿ ಉಳಿದಿರಲಿಲ್ಲ. ಅವರಿಗೆ ಇಂತಿಷ್ಟು ದಿನ ಎಂಬ ಗಡುವಿರಲಿಲ್ಲ, ವಾಪಸ್ ಹೋಗುವ ಬಾಗಿಲಿರಲಿಲ್ಲ, ಇದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡುವ ರೂಢಿಯೂ ಇರಲಿಲ್ಲ. ಜಗಲಿ ಮೇಲೆ ಕೂತಿದ್ದ ಅಪ್ಪನಲ್ಲಿ ಹೈಸ್ಕೂಲು ಹುಡುಗ ಕಂಡದ್ದು ಕೆಲಸವಿಲ್ಲದ ಗಂಡಸನ್ನು. ಅಷ್ಟೇ ಕಂಡಿತೆಂದು ಆ ಹುಡುಗನ ಮೇಲೆ ಸಿಟ್ಟಾಗಬೇಡಿ.

ಆದರೆ ಈಗ ನಿಮಗೆ 38. ನನಗೆ ಅನ್ನಿಸುವುದು ಹೀಗೆ: ನಿಮ್ಮ ಎಕ್ಸೆಲ್ ಹಾಳೆ ಹುಟ್ಟಿದ್ದು ವಿಡಿಯೊಗಳಿಂದಲ್ಲ, ಆ ಜಗಲಿಯಿಂದ. ಇನ್ನೊಬ್ಬರು ಕಳಿಸುವ ಮೊದಲು ನಾನೇ, ದುಡ್ಡು ಕೈಯಲ್ಲಿಟ್ಟುಕೊಂಡು, ತಲೆಯೆತ್ತಿ ಹೊರಗೆ ಬರಬೇಕು ಎಂಬ ಹಟ ಅದು. ಒಳ್ಳೆಯ ಹಟವೇ, ನಿಮ್ಮನ್ನು ಇಲ್ಲಿಯವರೆಗೆ ತಂದಿದೆ. ಆದರೆ ಅದು ನಿಮಗೆ ನಡುವೆ ಒಂದು ದಿನವೂ ಕೂರಲು ಬಿಡುತ್ತಿಲ್ಲ. ಕೂತರೆ ಅಪ್ಪನಾಗಿಬಿಡುತ್ತೇನೆ ಎಂದು ಹೆದರಿಸುತ್ತಿದೆ. ನಿಮ್ಮ ಬಿಡುವಿಗೆ ಶುರುವಿನ ತಾರೀಖಿದೆ, ಕೊನೆಯ ತಾರೀಖಿದೆ. ಅಳತೆ, ಆಡಿಟ್, ಸಿಎಂಎಂ ಎಂಬ ಅಳತೆ ಯಂತ್ರ ಗೊತ್ತಿರುವವರು ಸಿಗುವುದಿಲ್ಲ ಎಂಬ ಗೊಣಗಾಟ ಪೀಣ್ಯದ ಮಾಲೀಕರ ಬಾಯಲ್ಲೇ ಕೇಳುತ್ತೇವೆ. ನಿಮ್ಮ ಸ್ಥಿತಿ ಬೇರೆ.

ಅಪ್ಪ ಈಗಲೂ ಜೊತೆಗಿದ್ದಾರೆ ಎಂದು ಬರೆದಿದ್ದೀರಿ. ಅವರಿಗೆ ತಿಳಿಯದ ಹಾಗೆ ಆರು ತಿಂಗಳು ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟುಹೋಗುವ ಯೋಚನೆ ಬಂದಿದ್ದರೆ (ಬರುತ್ತದೆ, ಹಾಗೆ ಮಾಡಿದವರೂ ಇದ್ದಾರೆ) ದಯವಿಟ್ಟು ಬೇಡ. ಮುಚ್ಚಿಟ್ಟ ಬಿಡುವಿನಲ್ಲಿ ವಿಶ್ರಾಂತಿ ಇರುವುದಿಲ್ಲ.

ಇನ್ನು ಲೆಕ್ಕ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು ಎಂಬ ಸೂತ್ರವನ್ನು ನೀವು ಹಿಡಿದಿದ್ದೀರಿ. ಅದರ ಮೂಲ ವಿಲಿಯಂ ಬೆಂಗನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಹಾಕಿದ ಲೆಕ್ಕ. ಆ ದೇಶದ ಮಾರುಕಟ್ಟೆಯ ಹಳೆಯ ಅಂಕಿಗಳ ಮೇಲೆ, 30 ವರ್ಷದ ನಿವೃತ್ತಿಗೆ ಹಾಕಿದ್ದು. 48ಕ್ಕೆ ಬಿಡುವವರು 40 ವರ್ಷ ಬದುಕಿನ ಖರ್ಚು ನೋಡಿಕೊಳ್ಳಬೇಕು, ಅದೂ ನಮ್ಮ ಬೆಲೆ ಏರಿಕೆಯಲ್ಲಿ. ಸೂತ್ರವನ್ನು ಬಿಸಾಡಬೇಕಿಲ್ಲ, ಅದೊಂದು ಅಂದಾಜು ಅಂತ ತಿಳಿದಿದ್ದರೆ ಸಾಕು.

ಬೆಲೆ ಏರಿಕೆ ಕಳೆದ ಮೇಲೆ ನಿಮ್ಮ ಹಣ ವರ್ಷಕ್ಕೆ ಶೇ 2ರಷ್ಟು ಬೆಳೆಯುತ್ತದೆ ಎಂದು ಸ್ವಲ್ಪ ಜಿಪುಣತನದಿಂದಲೇ ಹಿಡಿಯೋಣ. ಈಗಿನ 42 ಲಕ್ಷ, ವರ್ಷಕ್ಕೆ 4.8 ಲಕ್ಷ ಉಳಿತಾಯ. 48ಕ್ಕೆ ಇವತ್ತಿನ ರೂಪಾಯಿ ಬೆಲೆಯಲ್ಲಿ ಸುಮಾರು 1 ಕೋಟಿ 4 ಲಕ್ಷ ಆಗುತ್ತದೆ. ನಿಮ್ಮ ಸೂತ್ರದಂತೆ ಬೇಕಿರುವುದು 1 ಕೋಟಿ 20 ಲಕ್ಷ. ಅಂದರೆ ಒಂದು ದಿನವೂ ಬಿಡುವು ತೆಗೆದುಕೊಳ್ಳದೆ ದುಡಿದರೂ ನಿಮ್ಮ ತಾರೀಖು 50 ದಾಟುತ್ತದೆ. ಕಾಲೇಜಿಗೆ, ಮದುವೆಗೆ ಬೇಕಾದದ್ದು ಇದರಲ್ಲಿ ಸೇರಿದೆಯೋ ಇಲ್ಲವೋ ನೀವು ಹೇಳಿಲ್ಲ.

ಬಿಡುವಿನ ಬೆಲೆ ಎಷ್ಟು? ಆರು ತಿಂಗಳ ಖರ್ಚು 2.4 ಲಕ್ಷ, ಆರು ತಿಂಗಳು ಉಳಿಸಲಾಗದ್ದು 2.4 ಲಕ್ಷ. ಇದೇ ಲೆಕ್ಕದಲ್ಲಿ ಮುಂದುವರಿಸಿದರೆ ನಿಮ್ಮ ಕೊನೆಯ ತಾರೀಖು ಸುಮಾರು ಹತ್ತು ತಿಂಗಳು ಮುಂದಕ್ಕೆ ಹೋಗುತ್ತದೆ. ಇಂಥ ಎರಡು ಬಿಡುವಾದರೆ 52ರ ಆಸುಪಾಸು. ಇದು ಪುಕ್ಕಟೆಯಲ್ಲ, ಹಾಗೆ ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಆದರೆ ಲೆಕ್ಕವೆಲ್ಲ ಹಾಳಾಗುವುದು ಎಂದರೆ ಇದಲ್ಲ. ಈ ದಣಿವಿನಲ್ಲೇ ಎಳೆದು, 43ಕ್ಕೋ 44ಕ್ಕೋ ಆಸ್ಪತ್ರೆಯ ಮಂಚದ ಮೇಲಿಂದ ರಾಜೀನಾಮೆ ಬರೆದರೆ, ಆಗ ಹಾಳಾಗುತ್ತದೆ. ನನ್ನ ಗುಣಾಕಾರವನ್ನೂ ಪೂರ್ತಿ ನಂಬಬೇಡಿ; ಫಂಡ್ ಮಾರಿ ಕಮಿಷನ್ ಪಡೆಯುವವರನ್ನು ಬಿಟ್ಟು, ಸೆಬಿಯಲ್ಲಿ ನೋಂದಾಯಿಸಿದ, ಫೀ ಮಾತ್ರ ತೆಗೆದುಕೊಳ್ಳುವ ಸಲಹೆಗಾರರೊಬ್ಬರಿಗೆ ಒಮ್ಮೆ ತೋರಿಸಿ.

ಒಂದು ಮಾತು ಸ್ವಲ್ಪ ಖಾರವಾಗಬಹುದು. ನಿಮ್ಮ ಉದ್ದದ ಪತ್ರದಲ್ಲೂ ಹೆಂಡತಿಯ ಬಗ್ಗೆ ಇದ್ದದ್ದು ಕೆಲವೇ ಸಾಲು. ಅದರಲ್ಲೊಂದು: ಮಗು ಹುಟ್ಟಿದಾಗ ಮೂರು ವರ್ಷ ಕೆಲಸ ಬಿಟ್ಟಿದ್ದಳು, ಆಮೇಲೆ ಮೊದಲಿಗಿಂತ ಕಮ್ಮಿ ಸಂಬಳಕ್ಕೆ ಸೇರಿದಳು. ಅಂದರೆ ನಿಮ್ಮ ಮನೆಯಲ್ಲಿ ನಡುವೆ ಕೆಲಸ ನಿಲ್ಲಿಸಿ ಮತ್ತೆ ಶುರು ಮಾಡಿದ ಒಬ್ಬರು ಆಗಲೇ ಇದ್ದಾರೆ. ಅದನ್ನು ಯಾರೂ ಬಿಡುವು ಎಂದು ಕರೆಯಲಿಲ್ಲ, ಅವರಿಗೆ ಅದರಲ್ಲಿ ವಿಶ್ರಾಂತಿಯೂ ಸಿಕ್ಕಿರಲಾರದು. ವಾಪಸ್ ಹೋದ ಮೊದಲ ದಿನ ಹೇಗಿತ್ತು, ಇಂಟರ್‌ವ್ಯೂನಲ್ಲಿ ಏನು ಕೇಳಿದರು, ಏನು ಹೇಳಿದಿರಿ ಎಂದು ಒಂದು ಸಂಜೆ ಕೂತು ಅವರನ್ನು ಕೇಳಿ. ನನಗಿಂತ ಚೆನ್ನಾಗಿ ಹೇಳಬಲ್ಲರು. ನೀವು ಮನೆಯಲ್ಲಿರುವ ಆರು ತಿಂಗಳು ಬೆಳಗಿನ ತಿಂಡಿ, ಮಗಳ ಡಬ್ಬಿ, ಶಾಲೆಗೆ ಬಿಡುವುದು, ಮನೆಯ ಸಾಮಾನು ನಿಮ್ಮದಾಗಲಿ. ಗಂಡಸಿನ ಬಿಡುವು ಹೆಂಗಸಿಗೆ ಹೆಚ್ಚುವರಿ ಶಿಫ್ಟ್ ಆಗುವುದನ್ನು ಸಾಕಷ್ಟು ನೋಡಿದ್ದೇನೆ. ಇದಕ್ಕೆ ಇನ್ನೊಂದು ಲಾಭವೂ ಇದೆ: ಬೆಳಿಗ್ಗೆ ಎಂಟಕ್ಕೆ ಮಾಡಲು ಕೆಲಸವಿದ್ದವನಿಗೆ ಜಗಲಿ ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ.

ಯಾವಾಗ ಬಿಡಬೇಕು? ನಿಮ್ಮ ಆರೋಗ್ಯ ತಡೆದೀತು ಎಂದು ಡಾಕ್ಟರು ಹೇಳಿದರೆ, ಇನ್ನು ಒಂಬತ್ತು ತಿಂಗಳು ಕಾಯಿರಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷ ಸತತ ಸೇವೆಯ ಮೇಲೆ. ಬೇಸಿಕ್ ಮತ್ತು ಡಿಎ ಸೇರಿ 40 ಸಾವಿರ ಇದ್ದರೆ, ವರ್ಷಕ್ಕೆ 15 ದಿನದ ಸಂಬಳದಂತೆ, ತಿಂಗಳಿಗೆ 26 ದಿನ ಎಂದು ಲೆಕ್ಕ ಹಿಡಿದರೆ, ಐದು ವರ್ಷಕ್ಕೆ 1 ಲಕ್ಷ 15 ಸಾವಿರದಷ್ಟು. ಸುಮಾರು ಮೂರು ತಿಂಗಳ ಮನೆ ಖರ್ಚು ಅಲ್ಲೇ ಬಂತು. ಉಳಿದ ಮೂರು ತಿಂಗಳಿಗೆ ಈಗಿನಿಂದಲೇ ಬೇರೆ ಖಾತೆಯಲ್ಲಿ ಹಾಕುತ್ತಾ ಬನ್ನಿ, ಆಗ ಫಂಡ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಕೂಡಿಹಾಕಿಟ್ಟಿರುವ ಇಎಲ್ (ಗಳಿಕೆ ರಜೆ) ಅನ್ನು ಈ ತಿಂಗಳೇ ಒಂದು ವಾರ ತೆಗೆದುಕೊಳ್ಳಿ. ಡಾಕ್ಟರು ಬೇಡ ಎಂದರೆ ಗ್ರಾಚ್ಯುಟಿಯ ಆಸೆಗೆ ಕಾಯಬೇಡಿ.

ರಾಜೀನಾಮೆಗೆ ಮುಂಚೆ ಸಂಬಳವಿಲ್ಲದ ರಜೆಯನ್ನು ಒಮ್ಮೆ ಕೇಳಿ ನೋಡಿ. ದೊಡ್ಡ ಐಟಿ ಕಂಪನಿಗಳಲ್ಲಿ ಕೆಲವಕ್ಕೆ ಇದಕ್ಕೊಂದು ಪಾಲಿಸಿ ಇರುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಪಾಲಿಸಿ ಇರುವುದಿಲ್ಲ, ಓನರ್ ಇರುತ್ತಾರೆ. ಅದು ಒಮ್ಮೊಮ್ಮೆ ಅನುಕೂಲವೇ. ಆಡಿಟ್ ಮುಗಿದ ವಾರ, ಬದಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಉತ್ತರ ಇಟ್ಟುಕೊಂಡು ಕೇಳಿ. ಇಲ್ಲ ಎಂದರೂ ನಿಮ್ಮದೇನೂ ಹೋಗುವುದಿಲ್ಲ.

ಪಿಎಫ್ ಮುಟ್ಟಬೇಡಿ. ಕೆಲಸ ಬಿಟ್ಟರೂ ಅದಕ್ಕೆ ಬಡ್ಡಿ ಬರುತ್ತಿರುತ್ತದೆ. ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ ಅಷ್ಟೇ. ಹಳೆಯ ಎರಡೂ ಕಂಪನಿಗಳ ಖಾತೆ ನಿಮ್ಮ ಯುಎಎನ್‌ಗೆ ವರ್ಗವಾಗಿದೆಯೇ ನೋಡಿ. ಪಿಎಫ್ ಜೊತೆಗಿನ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಹಳೆಯ ಸೇವೆಯೂ ಸೇರಿದರೆ ನಿಮಗೆ ಅದು ದಾಟುತ್ತದೆ. ಬಿಡುವಿನ ತಿಂಗಳುಗಳು ಸೇವೆಗೆ ಸೇರುವುದಿಲ್ಲ, ಹಿಂದಿನದು ಅಳಿಸಿಯೂ ಹೋಗುವುದಿಲ್ಲ. ಆರೋಗ್ಯ ವಿಮೆ ಮಾತ್ರ ಇವತ್ತಿನ ಕೆಲಸ. ಕಂಪನಿಯ ಗುಂಪು ವಿಮೆ ನೀವು ಹೊರಬಂದಾಗ ನಿಲ್ಲುತ್ತದೆ. ಬಿಪಿ ಇರುವವರಿಗೆ ಹೊಸ ಪಾಲಿಸಿಯಲ್ಲಿ ಆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಹಾಗಾಗಿ ಕೆಲಸದಲ್ಲಿರುವಾಗಲೇ, ಬಿಪಿಯನ್ನು ಮುಚ್ಚಿಡದೆ, ಸ್ವಂತದ್ದೊಂದು ಮಾಡಿಸಿ.

ಮೊದಲ ತಿಂಗಳು ಏನೂ ಕಲಿಯಬೇಡಿ. ನಿದ್ದೆ ಮಾಡಿ, ನಡೆದಾಡಿ. ಮೂರನೇ ತಿಂಗಳ ಹೊತ್ತಿಗೆ ಮನಸ್ಸು ತಾನಾಗಿ ಎದ್ದರೆ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್, ಅದೇ ಜಿಟಿಟಿಸಿ, 1972ರಿಂದ ಇದೆ, ಅಲ್ಪಾವಧಿ ಕೋರ್ಸುಗಳನ್ನು ವಿಚಾರಿಸಿ. ಐದನೇ ತಿಂಗಳಿಂದ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಲು ಶುರು ಮಾಡಿ. ಕೆಲಸ ಸಿಗಲು ಒಂದೆರಡು ತಿಂಗಳು ಹೆಚ್ಚಾದರೂ ಗಾಬರಿಯಾಗದಷ್ಟು ದುಡ್ಡು ಕೈಯಲ್ಲಿರಲಿ. ಓಣಿಯವರು ಏನ್ ಸಾರ್, ರಜಾನಾ ಎಂದು ಕೇಳಿಯೇ ಕೇಳುತ್ತಾರೆ. ಹೌದು, ಆರು ತಿಂಗಳು ರಜಾ ಹಾಕಿದ್ದೀನಿ ಅನ್ನಿ. ಅದಕ್ಕಿಂತ ಉದ್ದದ ಉತ್ತರಕ್ಕೆ ಅವರೂ ಕಾಯುವುದಿಲ್ಲ.

ಈ ಪತ್ರವನ್ನು ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕತಂಗಿಯರೂ ಓದುತ್ತಿರುತ್ತಾರೆ, ಇದೆಲ್ಲ ದುಡ್ಡಿದ್ದವರ ಕಥೆ ಎಂದು ನಕ್ಕರೆ ತಪ್ಪಿಲ್ಲ. ಅಕ್ಕತಂಗಿಯರೇ, ನಿಜ ಹೇಳಬೇಕೆಂದರೆ ನಡುವೆ ಕೆಲಸ ನಿಲ್ಲಿಸುವುದನ್ನು ಈ ಭಾಗದಲ್ಲಿ ಮೊದಲು ಮಾಡಿದವರು ನೀವೇ. ಹೆರಿಗೆಗೆ, ಅತ್ತೆಯ ಕಾಯಿಲೆಗೆ, ಊರಿನ ಸಾಲಕ್ಕೆ ಕೆಲಸ ಬಿಟ್ಟು, ಪಿಎಫ್ ತೆಗೆದು, ಸುಧಾರಿಸಿಕೊಂಡು ಇನ್ನೊಂದು ಫ್ಯಾಕ್ಟರಿ ಸೇರುವುದು ನಿಮಗೆ ಗೊತ್ತಿರುವ ದಾರಿ. 2016ರ ಏಪ್ರಿಲ್‌ನಲ್ಲಿ ಮಾಲೀಕರ ಪಾಲಿನ ಪಿಎಫ್ ಅನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬರಲಿದ್ದಾಗ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೂತದ್ದು, ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆದದ್ದು ಎಲ್ಲರಿಗೂ ನೆನಪಿದೆ. ಆ ಹಣ ನಿಮ್ಮದು. ಆದರೆ ಪ್ರತಿಸಲವೂ ಪಿಂಚಣಿಯ ಭಾಗವನ್ನೂ ತೆಗೆದುಬಿಟ್ಟರೆ 10 ವರ್ಷದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಆ ಭಾಗವನ್ನು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಇಎಸ್‌ಐ ಕೂಡ ಕೆಲಸ ಬಿಟ್ಟ ದಿನವೇ ನಿಲ್ಲುವುದಿಲ್ಲ, ಕಟ್ಟಿದ ವಂತಿಗೆಯ ಮೇಲೆ ಕೆಲವು ತಿಂಗಳು ಚಿಕಿತ್ಸೆ ಸಿಗುತ್ತದೆ, ಆಸ್ಪತ್ರೆಯಲ್ಲಿ ಕೇಳಿ.

ಮತ್ತೆ ನಿಮ್ಮ ವಿಷಯಕ್ಕೆ. ದಣಿವು ಎಂದು ನಾನು ಹೇಳಿದ್ದು ಒಂದು ಪತ್ರ ಓದಿ. ಅದು ಬರೀ ದಣಿವೋ, ಖಿನ್ನತೆಯೋ ಎಂಬುದನ್ನು ಎದುರಿಗೆ ಕೂತು ನೋಡಿದವರು ಹೇಳಬೇಕು. ನಿದ್ದೆ ಎಷ್ಟು ದಿನದಿಂದ ಕೆಟ್ಟಿದೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತಿದೆಯೇ, ಬದುಕೇ ಬೇಡ ಎನ್ನುವ ಯೋಚನೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ, ಮರೆಮಾಚದೆ ಹೇಳಿ. ಖಿನ್ನತೆ ಇದ್ದರೆ ಆರು ತಿಂಗಳ ರಜೆಯೊಂದೇ ಅದಕ್ಕೆ ಮದ್ದಲ್ಲ, ಖಾಲಿ ದಿನಗಳು ಅದನ್ನು ಹೆಚ್ಚಿಸಲೂಬಹುದು. ಹಾಗಿದ್ದಲ್ಲಿ ಚಿಕಿತ್ಸೆ ಮೊದಲು, ರಾಜೀನಾಮೆ ಆಮೇಲೆ. ನಿಮ್ಹಾನ್ಸ್‌ಗೆ ಹೋಗಬಹುದು. ಹೋಗಲು ಮನಸ್ಸು ಬಾರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆರೇಳು ವರ್ಷದ ನಂತರದ ಎರಡನೇ ಬಿಡುವನ್ನು ಈಗ ತೀರ್ಮಾನಿಸಬೇಕಿಲ್ಲ. ಮೊದಲನೆಯದು ಮುಗಿಸಿ ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ 48, 50, 52 ಎಂಬ ಅಂಕಿಗಳನ್ನು ಮತ್ತೆ ನೋಡಿ. ಅಷ್ಟು ಬೇಗ ಬಿಡುವ ಆಸೆ ಆಗ ಇರುತ್ತದೋ ಇಲ್ಲವೋ. ಈ ವಾರಕ್ಕೆ ಎರಡು ಕೆಲಸ ಸಾಕು. ಬಿಪಿ ನೋಡುವ ಡಾಕ್ಟರ ಹತ್ತಿರ ಹೋಗಿ ನಿದ್ದೆಯ ವಿಷಯವನ್ನೂ ಹೇಳುವುದು ಒಂದು. ಇನ್ನೊಂದು, ಭಾನುವಾರ ಅಪ್ಪನ ಪಕ್ಕ ಕೂತು, ನಿಮ್ಮ ಯೋಚನೆ ಹೇಳುವ ಮೊದಲು, ವಿಆರ್‌ಎಸ್ ಕಾಗದಕ್ಕೆ ಸಹಿ ಹಾಕುವಾಗ ನಿಮಗೆ ಏನನ್ನಿಸಿತ್ತಪ್ಪಾ ಎಂದು ಕೇಳುವುದು.